ನಾಯಿಯ ಕರುಳಿನ ಸೈಟೊಕೈನ್: ಮಾದರಿ ಕೆಡದಂತೆ

ಪ್ರಶ್ನೆ: ತಿಂಗಳುಗಟ್ಟಲೆ ಭೇದಿಯಿಂದ ನರಳುವ ನಾಯಿಗಳ ಕರುಳಿನ ಬಯಾಪ್ಸಿಯನ್ನು ಅಂಧೇರಿಯ ಕ್ಲಿನಿಕ್ಕಿನಲ್ಲಿ ತೆಗೆದು, ಪರೇಲ್‌ನ ಲ್ಯಾಬಿನಲ್ಲಿ ಸೈಟೊಕೈನ್‌ಗಳ (ಉರಿಯೂತದ ಸಂಕೇತ ಒಯ್ಯುವ ಪ್ರೋಟೀನ್‌ಗಳ) ಆರ್‌ಎನ್‌ಎ, ಅಂದರೆ ಆ ಪ್ರೋಟೀನ್ ತಯಾರಿಸಲು ಹೇಳುವ ಸಂದೇಶದ ಅಣು, ಅಳೆಯಬೇಕು. ದಾರಿಯಲ್ಲಿ ಮಾದರಿ ಕೆಡುವುದಿಲ್ಲವೇ?
– ಪಶುವೈದ್ಯ ವಿದ್ಯಾರ್ಥಿನಿ, ಮುಂಬೈ

ಉತ್ತರ: ಟ್ರಾಫಿಕ್ಕಿಗೆ ಹೆದರಬೇಡಿ. ಅಪಾಯವಿರುವುದು ಬಯಾಪ್ಸಿ ಚೂರು ಹೊರಬಂದ ಮೊದಲ ನಿಮಿಷಗಳಲ್ಲಿ. ಕರುಳಿನಲ್ಲಿ ಆರ್‌ಎನ್‌ಎ ಕತ್ತರಿಸುವ ಕಿಣ್ವಗಳು ಹೇರಳ. ಫೋರ್ಸೆಪ್ಸ್‌ಗೆ ಅಂಟಿದ ಚೂರನ್ನು ಸೂಜಿಯ ತುದಿಯಿಂದ ಬಿಡಿಸಿ ತಕ್ಷಣ, ಆರ್‌ಎನ್‌ಎ ಕೆಡದಂತೆ ಕಾಯುವ ಆರ್‌ಎನ್‌ಎ-ಲೇಟರ್ ದ್ರಾವಣದಲ್ಲಿ ಮುಳುಗಿಸಿ. ದ್ರಾವಣ ಅಂಗಾಂಶದ 5ರಿಂದ 10 ಪಟ್ಟು ಇರಲಿ. ರಾತ್ರಿಯಿಡೀ 4 ಡಿಗ್ರಿಯಲ್ಲಿಟ್ಟು, ಆಮೇಲೆ ದ್ರಾವಣ ಬಸಿದು ಮೈನಸ್ 80ಕ್ಕೆ ಹಾಕಿ. ಮೊದಲೇ ಫ್ರೀಜರಿಗಿಟ್ಟರೆ ದ್ರಾವಣ ಒಳಗಿಳಿಯದು.

ಪಕ್ಕದ ಚೂರುಗಳು ಫಾರ್ಮಲಿನ್‌ಗೆ ಹೋಗಲಿ, ಉರಿಯೂತದ ಮಟ್ಟ ನೋಡಲು. ಸ್ಟೆರಾಯ್ಡ್ ಶುರುವಾಗುವ ಮೊದಲೇ ಬಯಾಪ್ಸಿ ಮುಗಿಸಿ. ಸ್ಟೆರಾಯ್ಡ್ ನೀವು ಅಳೆಯಹೊರಟ ಸೈಟೊಕೈನ್‌ಗಳನ್ನೇ ತಗ್ಗಿಸುತ್ತದೆ.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. ಜಿಎಪಿಡಿಎಚ್ ಎಂಬ ಜೀನ್ ಒಂದನ್ನೇ ಹೋಲಿಕೆಯ ಆಧಾರವಾಗಿ ನಂಬಬೇಡಿ, ಉರಿಯೂತದಲ್ಲಿ ಅದೂ ಏರಿಳಿಯಬಹುದು. ನಿಮ್ಮ ಮಾದರಿಗಳಲ್ಲೇ ಸ್ಥಿರವೆಂದು ಕಂಡ ಎರಡು-ಮೂರು ರೆಫರೆನ್ಸ್ ಜೀನ್ (ಹೋಲಿಕೆಗೆ ಬಳಸುವ ಜೀನ್) ಬೇಕು. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ (ಆರ್‌ಎನ್‌ಎಯಿಂದ ಡಿಎನ್‌ಎ ಪ್ರತಿ ಮಾಡುವ ಕಿಣ್ವ) ಹಾಕದ ಒಂದು ಟ್ಯೂಬೂ ಇರಲಿ, ಡಿಎನ್‌ಎ ಬೆರಕೆ ಗೊತ್ತಾಗುತ್ತದೆ. ಟಿಎನ್‌ಎಫ್-ಆಲ್ಫಾ ಎಂಬ ಸೈಟೊಕೈನ್‌ನ ಆರ್‌ಎನ್‌ಎ ಏರಿತೆಂದು ಪ್ರೋಟೀನೂ ಏರಿತೆನ್ನಲಾಗದು. ಪ್ರೋಟೀನ್ ಅಳೆಯಲು ನಾಯಿಯಲ್ಲೇ ಪರೀಕ್ಷಿಸಿದ ಎಲೈಸಾ ಕಿಟ್ (ಆ್ಯಂಟಿಬಾಡಿಯಿಂದ ಪ್ರೋಟೀನ್ ಹಿಡಿದು ಅಳೆಯುವ ಕಿಟ್) ತರಿಸಿ. ಮನುಷ್ಯರ ಕಿಟ್‌ನ ಆ್ಯಂಟಿಬಾಡಿ ನಾಯಿಯ ಪ್ರೋಟೀನನ್ನು ಹಿಡಿಯದೇ ಹೋಗಬಹುದು.