ಎಐ ಬಂದರೆ ಕೊಡಗಿನಲ್ಲಿ ಸಮಾಜಕಾರ್ಯದ ಕೆಲಸ ಉಳಿಯುತ್ತಾ?

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ್ದೀರಿ. ಎಐ ಕಾಲದಲ್ಲಿ ಸಂಬಳ, ಭದ್ರತೆ ಸಿಗುತ್ತಾ, ಡೇಟಾ ಕೆಲಸಕ್ಕೆ ಹೋಗಲಾ ಅಂತ ಕೇಳಿದ್ದೀರಿ. ಹಾಗೆ ಹೋದವಳು ನಾನು.

ಪೊನ್ನಂಪೇಟೆ ಕಡೆ ಯರವ, ಜೇನುಕುರುಬ ಆದಿವಾಸಿಗಳ ಹಾಡಿಗಳು, ತೋಟದ ಲೈನ್ ಮನೆಗಳಲ್ಲಿ ನನ್ನ ಕೆಲಸವಿತ್ತು. ಸಂಬಳ ಕಡಿಮೆ, ವರ್ಷ ವರ್ಷ ಕರಾರು. ಸರ್ವೆ ಫಾರ್ಮ್‌ಗಳನ್ನು ಕಂಪ್ಯೂಟರ್‌ಗೆ ಹಾಕುವುದು ಶುರುವಾದಾಗ ಆಫೀಸಿನಲ್ಲಿ ಅದನ್ನು ನೋಡಿಕೊಳ್ಳಲು ಒಬ್ಬರು ಬೇಕಾದರು. ನಾನೇ ಕೇಳಿ ಸೇರಿಕೊಂಡೆ. ಮಳೆಗಾಲದ ಜಿಗಣೆ, ಕೊನೆ ಬಸ್ಸಿನ ಗಾಬರಿ ತಪ್ಪುತ್ತದೆ ಅನ್ನುವುದೂ ಇತ್ತು. ಆದರೆ ಮುಖ್ಯವಾಗಿ, ಕಂಪ್ಯೂಟರ್ ಗೊತ್ತಿದ್ದವರನ್ನು ಯಾರೂ ತೆಗೆಯುವುದಿಲ್ಲ ಅಂತ ನಂಬಿದ್ದೆ. ಅದು ಯಾಕೆ ತಪ್ಪು ಅಂತ ಬಿಡಿಸಿ ಹೇಳುತ್ತೇನೆ. ಫಾರ್ಮ್ ನೋಡಿ ಟೈಪ್ ಮಾಡುವುದು, ತಪ್ಪು ಹುಡುಕುವುದು, ತಿಂಗಳ ವರದಿ ಮಾಡುವುದು. ನನ್ನ ಕೆಲಸ ಇಷ್ಟೇ. ಆಪ್ ಬಂದ ಮೇಲೆ ಫೀಲ್ಡಿನವರೇ ಮನೆ ಬಾಗಿಲಲ್ಲಿ ನಿಂತು ಫೋನಿನಲ್ಲಿ ತುಂಬಿದರು, ವರದಿ ತಾನಾಗಿ ಬಂತು. ಅಷ್ಟರಲ್ಲಿ ಹಾಡಿಯವರಿಗೆ ನನ್ನ ಗುರುತು ಮಾಸಿತ್ತು. ಪ್ರಾಜೆಕ್ಟ್ ಹಣ ನಿಂತಾಗ ಒಬ್ಬರನ್ನು ಮಾತ್ರ ಇಟ್ಟುಕೊಳ್ಳಲು ಆಗುತ್ತಿತ್ತು. ಯರವ ಭಾಷೆ ಮಾತಾಡುವ ಅಕ್ಕ ಉಳಿದರು.

ಗಮನಿಸಿ, ಕೆಲಸ ಹೋಗಿದ್ದು ಹಣ ನಿಂತಾಗ. ಎಐಗೆ ಹೆದರಿ ನೀವು ಸುಮ್ನೆ ದಾರಿ ತಪ್ಪಬೇಡಿ. ಸಂಸ್ಥೆಗಳು ವಿದೇಶಿ ದೇಣಿಗೆ ಪಡೆಯುವುದಕ್ಕೆ ಇರುವ ಎಫ್‌ಸಿಆರ್‌ಎ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ, ಆ ದೇಣಿಗೆಯಲ್ಲಿ ಆಡಳಿತ ಖರ್ಚಿನ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ಆ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ಕೊಡುವುದನ್ನೂ ನಿಲ್ಲಿಸಿತು. ದೊಡ್ಡವರಿಂದ ಹಣ ಪಡೆದು ನಡೆಯುತ್ತಿದ್ದ ಸಣ್ಣ ಸಂಸ್ಥೆಗಳಿಗೆ ದೊಡ್ಡ ಪೆಟ್ಟು ಅದು.

ಯಂತ್ರ ಬಂದಲ್ಲಿ ನಮ್ಮ ಕೆಲಸ ಜಾಸ್ತಿಯೇ ಆಗಿದೆ. ತೋಟದಲ್ಲಿ ದುಡಿದು ಸವೆದ ಬೆರಳನ್ನು ರೇಷನ್ ಅಂಗಡಿಯ ಯಂತ್ರ ಎಷ್ಟೋ ಸಲ ಗುರುತಿಸುವುದಿಲ್ಲ. ಆಧಾರ್‌ನಲ್ಲಿ ಹೆಸರು ಒಂದು ಥರ, ಬ್ಯಾಂಕಿನಲ್ಲಿ ಇನ್ನೊಂದು ಥರ ಇದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿಗೂ ಅಲೆದಾಟ. ಹೀಗೆ ಅಲೆಯುವ ಅಜ್ಜಿಯ ಜೊತೆ ಆಧಾರ್ ಕೇಂದ್ರಕ್ಕೆ ಹೋಗಿ ನಿಲ್ಲುವವರು ಯಾರು?

ಡೇಟಾ ಕೋರ್ಸ್ ಬಿಡಿ. ಕಾಡಿನಲ್ಲಿ ಬದುಕುವವರಿಗೆ ಅಲ್ಲಿನ ಭೂಮಿಯ ಮೇಲೆ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆ ಓದಿ. ಹಕ್ಕಿನ ಅರ್ಜಿ ಹೋಗುವ ಗ್ರಾಮಸಭೆ, ಉಪವಿಭಾಗ ಸಮಿತಿ, ಜಿಲ್ಲಾ ಸಮಿತಿ, ಮೂರು ಹಂತವೂ ಗೊತ್ತಿರಲಿ. ಗ್ರಾಮಸಭೆಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಮೇಲಕ್ಕೆ ಅರ್ಜಿ ಹಾಕಬೇಕು. ಇದು ತಿಳಿಯದೆ ಹಕ್ಕು ಕಳೆದುಕೊಳ್ಳುವವರಿಗೆ ನೀವು ಬೇಕು.

ಸಂಬಳದ ವಿಷಯದಲ್ಲಿ ಮಾತ್ರ ಸಂಕೋಚ ಬೇಡ, ಸೇವೆ ಅಂತ ಹೇಳಿ ಬಾಯಿ ಮುಚ್ಚಿಸುತ್ತಾರೆ. ಸಂದರ್ಶನದಲ್ಲೇ ಕೇಳಿ: ಹಣ ಯಾರದ್ದು, ಎಲ್ಲಿಯವರೆಗೆ? 20 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಪಿಎಫ್ ಯಾಕಿಲ್ಲ? ಉತ್ತರವನ್ನು ಬರವಣಿಗೆಯಲ್ಲಿ ಪಡೆದ ಮೇಲೆ ಸಹಿ ಹಾಕಿ.