‘ಯಾವ ಎಣ್ಣಿ ಅಂತ ಒಮ್ಮಿ ಹೇಳಿಬಿಡ್ರಿ’

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಈ ಪ್ರಕರಣ ಕಲಬುರಗಿಯದು. ಗುರುತು ಸಿಗಬಾರದೆಂದು ಹೆಸರು, ವಯಸ್ಸು, ಮನೆಯವರ ಕೆಲಸ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಮಹಾದೇವಿ ಎಂದು ಕರೆಯೋಣ. 46 ವರ್ಷ, ಗೃಹಿಣಿ. ಗಂಡ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಕಳೆದ ವರ್ಷ ಅವರಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ, ಶುಗರ್ ಮೊದಲಿನಿಂದಲೂ ಇದೆ. ಮನೆಯಲ್ಲಿ ಅತ್ತೆ, ಕಾಲೇಜಿಗೆ ಹೋಗುವ ಮಗ.

ಕರೆತಂದದ್ದು ತಂಗಿ. “ನಮ್ಮಕ್ಕ ಐತವಾರ ಊಟದ ತಾಟು ಒಗದಾಳ್ರಿ ಮೇಡಂ. ಅವತ್ತಿಂದ ಒಲಿ ಹಚ್ಚಿಲ್ಲ. ಅತ್ತಿನೇ ರೊಟ್ಟಿ ಬಡೀಲಕತ್ತಾರ” ಎಂದರು.

ಐತವಾರ ಆದದ್ದು ಇಷ್ಟು. ಊಟಕ್ಕೆ ಬಂದಿದ್ದ ನಾದಿನಿಯ ಮಗ ತಾಟಿನಲ್ಲಿದ್ದ ಶೇಂಗಾ ಹಿಂಡಿ (ಚಟ್ನಿಪುಡಿ) ನೋಡಿ, “ಮಾಮಾಗ ಇದ್ಯಾಕ ಹಾಕ್ತೀರಿ ಅತ್ತಿ, ಇಲ್ಲಿ ನೋಡ್ರಿ ಏನು ಹೇಳ್ಯಾರ” ಎಂದು ಮೊಬೈಲ್ ಮುಂದೆ ಹಿಡಿದ. ಹಿಂದಿನ ವಾರವಷ್ಟೇ ಬೇರೊಂದು ವಿಡಿಯೊದಲ್ಲಿ ದಿನಾ ಒಂದು ಮುಷ್ಟಿ ಶೇಂಗಾ ಹೃದಯಕ್ಕೆ ಒಳ್ಳೆಯದೆಂದು ಕೇಳಿ, ಬಿಟ್ಟಿದ್ದ ಹಿಂಡಿಯನ್ನು ಮಹಾದೇವಿ ಮತ್ತೆ ಕುಟ್ಟಿದ್ದರು.

ಮೊದಲ ಭೇಟಿಯಲ್ಲಿ ಅವರು ಹೆಚ್ಚು ಮಾತಾಡಲಿಲ್ಲ. ಚೀಲದಿಂದ ನೂರು ಹಾಳೆಯ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದೆ ಸರಿಸಿದರು. ನಡುವೆ ಸ್ಕೇಲಿಟ್ಟು ಗೆರೆ ಎಳೆದು ಎಡಕ್ಕೆ ‘ತಿನಬೇಕು’, ಬಲಕ್ಕೆ ‘ತಿನಬಾರದು’ ಎಂದು ಬರೆದಿದ್ದರು. ಮೊದಲ ಪುಟಗಳಲ್ಲಿ ಅಕ್ಷರ ದುಂಡಗೆ, ಸಾಲು ನೆಟ್ಟಗೆ. ಮುಂದೆ ಹೋದಂತೆ ಬಾಣಗಳು. ತುಪ್ಪ ಬಲದಿಂದ ಎಡಕ್ಕೆ ಬಂದು ಮತ್ತೆ ಬಲಕ್ಕೆ ಹೋಗಿತ್ತು. ಮೊಟ್ಟೆಯ ಹಳದಿ ಎರಡೂ ಕಡೆ ಇತ್ತು. ಜೋಳದ ಪಕ್ಕ ಪ್ರಶ್ನಾರ್ಥಕ ಚಿಹ್ನೆ. ಕುಸುಬಿ ಎಣ್ಣೆ ಎಂಬುದರ ಮೇಲೆ ಪೆನ್ನು ಎಷ್ಟು ಸಲ ತಿದ್ದಿತ್ತೆಂದರೆ ಹಾಳೆಯೇ ಹರಿದಿತ್ತು.

“ಗಾಣದ ಕುಸುಬಿ ಎಣ್ಣಿ ತಿಂದು ಬೆಳದಾಕಿ ನಾ. ಲಗ್ನ ಆದಮ್ಯಾಲ ಸೂರ್ಯಕಾಂತಿ ಚಲೋ ಅಂದ್ರು, ಅದನ್ನೂ ತಂದೆ. ಆಮ್ಯಾಲ ತೌಡಿನೆಣ್ಣಿ ಅಂದ್ರು. ಸ್ಟೆಂಟ್ ಹಾಕಿದಮ್ಯಾಲ ಆಲಿವ್ ಅಂದ್ರು, ಇಷ್ಟು ಸಣ್ಣ ಬಾಟ್ಲಿಗಿ ಅಷ್ಟು ರೊಕ್ಕ. ಒಬ್ಬಾಂವ ರಿಫೈಂಡ್ ಅಂದ್ರ ವಿಷ ಅಂತಾನ. ಇನ್ನೊಬ್ಬಾಂವ ಬೀಜದೆಣ್ಣಿನೇ ಬ್ಯಾಡ, ತುಪ್ಪ ತಿನ್ರಿ ಅಂತಾನ. ಯಾವ ಎಣ್ಣಿ ಅಂತ ಒಮ್ಮಿ ಹೇಳಿಬಿಡ್ರಿ ಮೇಡಂ, ಸಾಯೋತನಕ ಅದನ್ನೇ ಹಾಕ್ತೀನಿ.”

ನಾನು ಆಹಾರತಜ್ಞೆ ಅಲ್ಲ. ಒಂದು ಎಣ್ಣೆಯ ಹೆಸರು ಹೇಳಿದ್ದರೆ ಅದೂ ಆ ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಾಲಾಗುತ್ತಿತ್ತು, ಮುಂದಿನ ವಾರ ಅದಕ್ಕೂ ಬಾಣ ಬೀಳುತ್ತಿತ್ತು. ಅದರ ಬದಲು, ಇದನ್ನು ಬರೆಯಲು ಶುರು ಮಾಡಿದ್ದು ಯಾವಾಗ ಎಂದು ಕೇಳಿದೆ.

ಉತ್ತರ ಬರಲು ತಡವಾಯಿತು. ಗಂಡ ಐಸಿಯುನಲ್ಲಿದ್ದಾಗ, ಹೊರಗೆ ಕಟ್ಟೆಯ ಮೇಲೆ ಕೂತಿದ್ದ ನಾದಿನಿ ನಾಲ್ಕು ಮಂದಿಯ ಎದುರಿಗೆ, “ಇಪ್ಪತ್ತು ವರ್ಷ ಇಕಿ ಕೈಯಾಗಿನ ಅಡಗಿ ಉಂಡು ನಮ್ಮಣ್ಣ ಹಿಂಗಾದ” ಎಂದಿದ್ದರು. ಮಹಾದೇವಿ ಅದನ್ನು ಗಂಡನಿಗೂ ಹೇಳಿರಲಿಲ್ಲ. ಮನೆಗೆ ಬಂದ ರಾತ್ರಿಯೇ ನೋಟ್‌ಬುಕ್ ತೆಗೆದಿದ್ದರು.

ಪ್ರಕರಣದ ಗಂಟು ನನಗೆ ಕಂಡದ್ದು ಇಲ್ಲಿ. ಆಹಾರದ ಸಲಹೆ ಬದಲಾದಾಗ ಹೆಚ್ಚಿನವರಿಗೆ ಬೇಸರವಾಗುತ್ತದೆ, ಬೈದು ಮುಂದೆ ಹೋಗುತ್ತಾರೆ. ಮಹಾದೇವಿಗೆ ಪ್ರತಿ ಹೊಸ ಸಲಹೆಯೂ ತಮ್ಮ ಮೇಲಿನ ಆರೋಪಕ್ಕೆ ಇನ್ನೊಂದು ಸಾಕ್ಷಿಯಾಗಿ ಕೇಳಿಸುತ್ತಿತ್ತು. ‘ಸೂರ್ಯಕಾಂತಿ ಎಣ್ಣೆ ಬೇಡ’ ಎಂದರೆ, ಹಾಗಾದರೆ ಹದಿನೈದು ವರ್ಷ ಅದನ್ನೇ ಹಾಕಿದೆನಲ್ಲ ಎಂಬ ಲೆಕ್ಕ ಶುರು. ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲ್ ನೋಡುವುದು, ‘ಅಷ್ಟೇನೂ ಕೆಟ್ಟದ್ದಲ್ಲ’ ಎಂದು ಯಾರಾದರೂ ಹೇಳುವ ತನಕ ಹುಡುಕುವುದು. ಹೇಳಿದಾಗ ಅರ್ಧ ತಾಸು ನೆಮ್ಮದಿ, ಮತ್ತೆ ಹುಡುಕಾಟ. ನೋಡಿದಷ್ಟೂ ಅಂಥವೇ ವಿಡಿಯೊ ಮುಂದೆ ಬರುತ್ತವೆ, ಅದು ಮೊಬೈಲಿನ ಗುಣ.

ಅವರ ಸ್ವಂತ ಊಟವನ್ನೂ ವಿಚಾರಿಸಿದೆ, ಅದನ್ನು ಬಿಡುವಂತಿಲ್ಲ. ಶುದ್ಧ ಆಹಾರದ ಗೀಳು ಅತಿಯಾಗಿ ತೂಕ ಇಳಿಯುವುದು, ಹೊರಗೆ ಎಲ್ಲೂ ಉಣ್ಣದಿರುವುದು, ಒಂದೊಂದೇ ಪದಾರ್ಥ ಬಿಡುತ್ತ ಕೊನೆಗೆ ತಾಟು ಖಾಲಿಯಾಗುವುದು ಉಂಟು. ಸ್ಟೀವನ್ ಬ್ರ್ಯಾಟ್‌ಮನ್ ಎಂಬ ಅಮೆರಿಕದ ವೈದ್ಯ 1997ರಲ್ಲಿ ಇದಕ್ಕೆ ಆರ್ಥೊರೆಕ್ಸಿಯಾ ಎಂದು ಹೆಸರಿಟ್ಟ. ಮನೋರೋಗಗಳ ಅಧಿಕೃತ ಪಟ್ಟಿಗೆ ಅದಿನ್ನೂ ಸೇರಿಲ್ಲ. ಮಹಾದೇವಿ ಆ ಮಟ್ಟಕ್ಕೆ ಹೋಗಿರಲಿಲ್ಲ. ನಿದ್ದೆ ಕೆಟ್ಟಿತ್ತು, ಸಿಟ್ಟು ಹೆಚ್ಚಿತ್ತು, ತೂಕ ಸರಿಯಿತ್ತು. ಹಾಗಿಲ್ಲದಿದ್ದರೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆ.

ಮುಂದಿನ ಭೇಟಿಯಲ್ಲಿ ಗಂಡನ ಕಾಯಿಲೆಗೆ ಏನೇನು ಕಾರಣ ಇರಬಹುದೆಂದು ಇಬ್ಬರೂ ಕೂತು ಬರೆದೆವು. ವಯಸ್ಸು 54. ಅವರ ತಂದೆ ತೀರಿಕೊಂಡದ್ದೂ ಹೃದಯಾಘಾತದಿಂದ. ಶುಗರ್, ಅದರ ಗುಳಿಗೆ ನೆನಪಾದಾಗ ಮಾತ್ರ. ದಿನವಿಡೀ ಕುರ್ಚಿಯ ಕೆಲಸ. ಆಮೇಲೆ ಮಹಾದೇವಿ, ಮಾತಿಗೆ ಮಾತು ಬಂತೆಂಬಂತೆ, “ಬೀಡಿ ಸೇದ್ತಾರ, ಗುಟ್ಕಾನೂ ಅದ” ಎಂದರು. ಎಷ್ಟು ವರ್ಷದಿಂದ? “ಲಗ್ನಕ್ಕಿಂತ ಮೊದಲಿಂದ.” ಆಸ್ಪತ್ರೆಯ ಆ ಕಟ್ಟೆಯ ಮೇಲೆ ಬೀಡಿಯ ಮಾತು ಒಬ್ಬರ ಬಾಯಲ್ಲೂ ಬಂದಿರಲಿಲ್ಲ, ಎಣ್ಣೆಯದು ಬಂದಿತ್ತು. ನಮ್ಮ ಕಡೆ ಗಂಡಸಿನ ರೋಗದ ತನಿಖೆ ಅಡುಗೆಮನೆಯಿಂದಲೇ ಶುರುವಾಗುತ್ತದೆ. ಇದನ್ನು ಹತ್ತಾರು ಮನೆಗಳಲ್ಲಿ ನೋಡಿ ನನಗೂ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಇಷ್ಟಾದ ಮೇಲೆ, ಸಲಹೆಗಳು ಯಾಕೆ ಹೀಗೆ ಮಗುಚಿ ಬೀಳುತ್ತವೆ ಎಂಬ ಅವರ ಪ್ರಶ್ನೆಗೆ ಬಂದೆವು. ಅದು ನ್ಯಾಯವಾದ ಪ್ರಶ್ನೆ, ‘ತಲೆ ಕೆಡಿಸ್ಕೋಬೇಡಿ’ ಎಂದು ತಳ್ಳಿಹಾಕಬಾರದು. ನೋಟ್‌ಬುಕ್ಕಿನಿಂದಲೇ ಒಂದೆರಡು ಸಾಲು ಹಿಡಿದುಕೊಂಡೆ.

ಮೊಟ್ಟೆ. ಅಮೆರಿಕದ ಹೃದ್ರೋಗ ಸಂಘ 1968ರಲ್ಲಿ ವಾರಕ್ಕೆ ಮೂರಕ್ಕಿಂತ ಹೆಚ್ಚು ಹಳದಿ ಬೇಡ ಎಂದಿತ್ತು. ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟರಾಲ್ ಮಿತಿ ಬಹುಕಾಲ ನಡೆಯಿತು. 2015ರ ಸುಮಾರಿಗೆ ಅಲ್ಲಿನ ಆಹಾರ ಮಾರ್ಗಸೂಚಿಯಿಂದ ಆ ಅಂಕಿ ಹೋಯಿತು. ಹೆಚ್ಚಿನವರಲ್ಲಿ ರಕ್ತದ ಕೊಲೆಸ್ಟರಾಲನ್ನು ಏರಿಸುವುದರಲ್ಲಿ ತಿನ್ನುವ ಕೊಲೆಸ್ಟರಾಲಿಗಿಂತ ತುಪ್ಪ-ಬೆಣ್ಣೆಯಂಥ ಜಿಡ್ಡಿನ ಪಾಲು ದೊಡ್ಡದು ಎಂದು ಕಂಡುಬಂದದ್ದೇ ಕಾರಣ. ‘ಎಷ್ಟು ಬೇಕಾದರೂ ತಿನ್ನಿ’ ಎಂದು ಆಗಲೂ ಯಾರೂ ಬರೆದಿರಲಿಲ್ಲ. ಶುಗರ್ ಮತ್ತು ಸ್ಟೆಂಟ್ ಎರಡೂ ಇರುವವರಿಗೆ ಅವರ ಡಾಕ್ಟರ್ ಬೇರೆ ಲೆಕ್ಕ ಹೇಳಬಹುದು.

ಶುಗರ್ ಫ್ರೀ ಗುಳಿಗೆಯ ಸಾಲು ಇನ್ನೂ ಸ್ವಾರಸ್ಯದ್ದು. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲೆಂದು ಕೃತಕ ಸಿಹಿ ಬಳಸಬೇಡಿ ಎಂದಿತು. ಸುದ್ದಿ ಮೊಬೈಲಿಗೆ ಬರುವಷ್ಟರಲ್ಲಿ ‘ಶುಗರ್ ಫ್ರೀ ಅಪಾಯ’ ಎಂದಾಗಿತ್ತು. ಮಹಾದೇವಿ ಡಬ್ಬಿಯನ್ನು ಕಸಕ್ಕೆ ಹಾಕಿ, ಗಂಡ ಸಪ್ಪೆ ಚಹಾ ಕುಡಿಯಲೊಲ್ಲರೆಂದು ಬೆಲ್ಲ ಹಾಕತೊಡಗಿದ್ದರು. ಆ ಸಲಹೆಯಲ್ಲೇ ಒಂದು ಮಾತಿತ್ತು: ಮೊದಲೇ ಸಕ್ಕರೆ ಕಾಯಿಲೆ ಇರುವವರಿಗೆ ಇದು ಅನ್ವಯಿಸುವುದಿಲ್ಲ. ಆ ಒಂದು ಸಾಲು ದಾರಿಯಲ್ಲಿ ಉದುರಿಹೋಗಿತ್ತು. ಬೆಲ್ಲವೂ ಸಕ್ಕರೆಯೇ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇನ್ನು ಕೆಲವು ಕಡೆ ಬದಲಾವಣೆ ಬಂದದ್ದೇ ಒಳ್ಳೆಯದಾಯಿತು. ಒಂದು ಕಾಲಕ್ಕೆ ತುಪ್ಪದ ಬದಲು ಡಾಲ್ಡಾ ಎಂದು ಊರೆಲ್ಲ ನಂಬಿತ್ತು. ಅದರಲ್ಲಿದ್ದ ಟ್ರಾನ್ಸ್ ಕೊಬ್ಬು (ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಜಿಡ್ಡು) ಹೃದಯಕ್ಕೆ ಕೆಟ್ಟದ್ದೆಂದು ಗೊತ್ತಾಗಿ, 2022ರ ಜನವರಿಯಿಂದ ನಮ್ಮ ದೇಶದಲ್ಲಿ ಆ ಕೊಬ್ಬಿಗೆ ಶೇ 2ರ ಮಿತಿ ಬಂದಿದೆ. ಈ ಸಲಹೆ ಬದಲಾಗದೇ ಇದ್ದಿದ್ದರೆ ಇನ್ನೂ ಅದನ್ನೇ ತಿನ್ನುತ್ತಿದ್ದೆವು.

ಆಹಾರದ ಅಧ್ಯಯನ ಔಷಧದ ಪರೀಕ್ಷೆಗಿಂತ ಕಷ್ಟದ್ದು ಎಂದೂ ಹೇಳಿದೆ. ಗುಳಿಗೆಯಾದರೆ ಒಬ್ಬರಿಗೆ ನಿಜವಾದದ್ದು, ಇನ್ನೊಬ್ಬರಿಗೆ ಸುಳ್ಳು ಗುಳಿಗೆ ಕೊಟ್ಟು ನೋಡಬಹುದು. ಇಪ್ಪತ್ತು ವರ್ಷ ಒಬ್ಬರಿಗೆ ಜೋಳದ ರೊಟ್ಟಿ, ಇನ್ನೊಬ್ಬರಿಗೆ ಸುಳ್ಳು ರೊಟ್ಟಿ ಕೊಡಲಾಗದು. ಏನು ತಿಂದಿರಿ ಎಂದು ಜನರನ್ನೇ ಕೇಳಬೇಕು, ಅವರು ನೆನಪಿದ್ದಷ್ಟು ಹೇಳುತ್ತಾರೆ. ಬಾದಾಮಿ ತಿನ್ನುವವರು ವಾಕಿಂಗನ್ನೂ ಮಾಡುತ್ತಿರುತ್ತಾರೆ, ಯಾವುದರಿಂದ ಒಳ್ಳೆಯದಾಯಿತೆಂದು ಬೇರ್ಪಡಿಸುವುದು ಸುಲಭವಲ್ಲ. ಹೀಗಾಗಿ ಅಂಚಿನ ವಿಷಯಗಳು ಅತ್ತಿತ್ತ ಆಗುತ್ತಲೇ ಇರುತ್ತವೆ. ಸುಳ್ಳು ರೊಟ್ಟಿಯ ಮಾತಿಗೆ ಮಹಾದೇವಿ ಮೊದಲ ಸಲ ನಕ್ಕರು.

ನಡುವಿನ ಮುಖ್ಯ ಸಲಹೆ ಅಷ್ಟೇನೂ ಬದಲಾಗಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗೆಂದು 17 ಸೂತ್ರಗಳ ಮಾರ್ಗಸೂಚಿ ತಂದಿತು. ಅದನ್ನು ಓದಿದರೆ ನಮ್ಮ ಅಜ್ಜಿಗೂ ಹೊಸದೆನಿಸದು: ತರಕಾರಿ-ಸೊಪ್ಪು ಹೆಚ್ಚು, ಬೇಳೆ-ಕಾಳು, ಇಡೀ ಧಾನ್ಯ, ಎಣ್ಣೆ-ಉಪ್ಪು-ಸಕ್ಕರೆ ಹಿಡಿತದಲ್ಲಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಹಪ್ಪಳ-ಉಪ್ಪಿನಕಾಯಿಯದೂ ಸೇರಿ. ಎಣ್ಣೆಯ ವಿಷಯದಲ್ಲಿ ಒಂದೇ ಮೂಲಕ್ಕೆ ಅಂಟಿಕೊಳ್ಳಿ ಎನ್ನುವುದಿಲ್ಲ, ಮಿತವಾಗಿ ಬಳಸಿ ಎನ್ನುತ್ತದೆ. ಎಂದರೆ ಎಣ್ಣೆ ಬದಲಿಸುತ್ತ ಬಂದದ್ದು ಮಹಾದೇವಿಯ ಅಪರಾಧವೇನೂ ಅಲ್ಲ. ಯಾವ ಡಬ್ಬಿ ಎಂಬುದಕ್ಕಿಂತ ತಿಂಗಳಿಗೆ ಎಷ್ಟು ಡಬ್ಬಿ ಎಂಬುದನ್ನು ನೋಡಬೇಕಿತ್ತು. ಅದನ್ನು ಯಾವ ವಿಡಿಯೊವೂ ಕೇಳಿರಲಿಲ್ಲ.

ಮೂರನೇ ಭೇಟಿಗೆ ಗಂಡ, ಅತ್ತೆ ಇಬ್ಬರೂ ಬಂದರು. ಅತ್ತೆಯವರದು ಗಟ್ಟಿ ವಾದ: “ನಾ ಎಪ್ಪತ್ತೆಂಟು ವರ್ಷ ಜ್ವಾಳದ ರೊಟ್ಟಿ, ಪುಂಡಿಪಲ್ಯ ತಿಂದೀನಿ. ನನಗೇನಾಗ್ಯಾದ? ಇವೆಲ್ಲ ಮೊಬೈಲಿನ ಆಟ.” ಕೇಳಲು ಹಿತ, ಒಪ್ಪಲಾಗದು. ಅದೇ ರೊಟ್ಟಿ ತಿಂದ ಅವರ ಯಜಮಾನರು ಹೋದರು, ಮಗನಿಗೆ ಸ್ಟೆಂಟ್ ಬಿತ್ತು. ಜೋಳದಲ್ಲಿ ಬಿಳಿ ಅಕ್ಕಿಗಿಂತ ನಾರು ಹೆಚ್ಚು, ಸರಿ. ಆದರೂ ಅದು ಧಾನ್ಯ, ನಾಲ್ಕು ರೊಟ್ಟಿ ತಿಂದರೆ ಶುಗರ್ ಏರುತ್ತದೆ. ಹೊಲಕ್ಕೆ ನಡೆದುಹೋಗಿ ಬರುತ್ತಿದ್ದವರ ನಾಲ್ಕು ರೊಟ್ಟಿಯೇ ಬೇರೆ, ಕುರ್ಚಿಯಲ್ಲಿ ಕೂತವರದೇ ಬೇರೆ. ಹಿರಿಯರೆದುರು ಇದನ್ನು ಹೀಗೆ ಖಡಕ್ಕಾಗಿ ಹೇಳಲಿಲ್ಲ. “ಅವ್ವಾರ, ರೊಟ್ಟಿ ಇರಲಿ, ಎರಡರ ಮ್ಯಾಲ ಪಲ್ಯ ಜಾಸ್ತಿ ಇರಲಿ” ಎಂದೆ. ಅವರು ಗೋಣು ಹಾಕಿದರು.

ಅಂದು ಕೊಟ್ಟ ಸಲಹೆ ಮುಖ್ಯವಾಗಿ ಹೀಗಿತ್ತು. ಗಂಡನ ಊಟದ ವಿಷಯದಲ್ಲಿ ಒಬ್ಬರೇ ಹೇಳಬೇಕು, ಅದು ಅವರನ್ನು ನೋಡುವ ಹೃದಯತಜ್ಞರು. ನೋಟ್‌ಬುಕ್ಕಿನ ಎರಡು ಕಾಲಂ ತೆಗೆದು ‘ಡಾಕ್ಟರಿಗೆ ಕೇಳುವುದು’ ಎಂಬ ಒಂದೇ ಪುಟ. ಏನೇ ಹೊಸದು ಕೇಳಿದರೂ ಅಲ್ಲಿ ಬರೆದಿಟ್ಟು, ಮುಂದಿನ ತಪಾಸಣೆ ತನಕ ಅಡುಗೆ ಇದ್ದಂತೆಯೇ. ಹುಡುಕಬೇಕೆಂಬ ಒತ್ತಡ ಬಂದಾಗ ತಕ್ಷಣ ಮೊಬೈಲ್ ಹಿಡಿಯದೆ ಅರ್ಧ ತಾಸು ತಡೆಯುವುದು. ಕಳವಳ ಮೊದಲು ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಅದು ಇಳಿಯುವುದನ್ನು ನಾಲ್ಕೈದು ಸಲ ಅವರೇ ಕಂಡರೆ ನನ್ನ ಮಾತಿಗಿಂತ ಅದೇ ಗಟ್ಟಿ. ಮೊಬೈಲ್ ರಾತ್ರಿ ಅತ್ತೆಯ ಕೋಣೆಯಲ್ಲಿ. ತಾಟಿನ ಮುಂದೆ ಕೂತವರು ಯಾರೇ ಆಗಲಿ, ಆ ಊಟದ ಬಗ್ಗೆ ಮೊಬೈಲ್ ತೋರಿಸುವಂತಿಲ್ಲ, ಅದನ್ನು ಬಂದವರಿಗೆ ಹೇಳುವ ಕೆಲಸ ಗಂಡನದು.

ನಾದಿನಿಯ ಮಾತನ್ನು ಮಹಾದೇವಿ ಗಂಡನಿಗೆ ಹೇಳಿದ್ದು ಇಲ್ಲೇ, ನನ್ನೆದುರು. ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, “ಬೀಡಿ ನಾ ಸೇದೀನಿ, ಅಕಿ ಅಲ್ಲ” ಎಂದರು. ತಂಗಿಗೂ ಹೀಗೇ ಹೇಳುತ್ತೀರಾ ಎಂದು ಕೇಳಿದೆ. ಹೇಳಿದ್ದಾರೆಂದು ಮುಂದಿನ ಸಲ ಗೊತ್ತಾಯಿತು. ನಾದಿನಿ ಈಗ ಫೋನ್ ಮಾಡುವುದು ಕಡಿಮೆ, ಅದರ ನೋವೂ ಮಹಾದೇವಿಗಿದೆ.

ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಹಬ್ಬ ಹತ್ತಿರ ಬಂದಾಗ ಒಂದು ಫೋನ್ ಬಂತು. ಭಜ್ಜಿಪಲ್ಯ, ಸಜ್ಜಿ ರೊಟ್ಟಿ ಸರಿ, ಶೇಂಗಾ ಹೋಳಿಗಿ ಹ್ಯಾಂಗ್ರಿ? ಡಾಕ್ಟರನ್ನು ಕೇಳಿದಿರಾ ಎಂದೆ. ಕೇಳಿದ್ದರಂತೆ, ಒಂದು ತಿನ್ನಲಿ, ಗುಳಿಗೆ ತಪ್ಪಿಸಬಾರದು ಎಂದಿದ್ದರಂತೆ. ಹಾಗಾದರೆ ನನಗ್ಯಾಕೆ ಫೋನ್ ಎಂದದ್ದಕ್ಕೆ, “ರೂಢಿ ನೋಡ್ರಿ” ಎಂದು ನಕ್ಕರು. ನಿದ್ದೆ ಸುಧಾರಿಸಿದೆ. ಹುಡುಕಾಟ ಪೂರ್ತಿ ನಿಂತಿಲ್ಲ.

ಉಳಿದದ್ದು ತಂಬಾಕು. ಗುಟ್ಕಾ ಕರ್ನಾಟಕದಲ್ಲಿ 2013ರಲ್ಲೇ ನಿಷೇಧವಾಗಿದೆ, ಪಾನ್ ಮಸಾಲೆಯದೊಂದು ಪಾಕೀಟು, ತಂಬಾಕಿನದೊಂದು ಪಾಕೀಟು ಕೊಂಡು ಬೆರೆಸಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ತಂಬಾಕು ಬಿಡಲು ನೆರವಾಗುವ ಸರ್ಕಾರಿ ಸಹಾಯವಾಣಿ 1800-11-2356 ಅನ್ನು ಗಂಡನಿಗೆ ಬರೆದುಕೊಟ್ಟೆ. ಒಮ್ಮೆ ಮಾಡಿ ಇಟ್ಟುಬಿಟ್ಟರಂತೆ. ಬೀಡಿ ಬಿಟ್ಟಿದ್ದಾರೆ, ಪಾಕೀಟು ಬಿಟ್ಟಿಲ್ಲ. ಅದಕ್ಕಾಗಿ ಮುಂದಿನ ಭೇಟಿ ಗೊತ್ತುಮಾಡಿದಾಗ ಮಹಾದೇವಿಯನ್ನೂ ಕರೆದೆ. “ಅದು ಅವರ ಕೆಲಸ, ನಾ ಬರಂಗಿಲ್ರಿ” ಎಂದರು. ಅವರ ಹೆಸರನ್ನು ಆ ದಿನದ ಪಟ್ಟಿಯಿಂದ ತೆಗೆದಿದ್ದೇನೆ.