ಕಾಟಾ ಸಾಫ್ಟ್‌ವೇರಿನ 2002 ಎರರ್: ಸಾಕೆಟ್ ಫೈಲನ್ನು ಟೆಂಪ್ ಫೋಲ್ಡರಿಗೆ ಒಯ್ಯಬ್ಯಾಡ್ರಿ

ಗಂಗಾವತಿ ರೈಸ್ ಮಿಲ್ಲಿನ ಕಾಟಾ (ಲಾರಿ ತೂಕದ) ಬಿಲ್ಲಿಂಗನ್ನು ವಿಂಡೋಸ್‌ನಿಂದ ಉಬುಂಟು ಲಿನಕ್ಸಿಗೆ ಹಾಕಿ ಈ ಗುಂಪಿನಲ್ಲಿ ಪ್ರಶ್ನೆ ಕೇಳಿದ ಅಣ್ಣಾರೇ, ಮೊದಲು ಮತ್ತೆ ಇನ್‌ಸ್ಟಾಲ್ ಮಾಡುವ ಮಾತು ಬಿಡ್ರಿ. ಟರ್ಮಿನಲ್ಲಿನಲ್ಲಿ (ಕಮಾಂಡ್ ಹೊಡೆಯುವ ಪರದೆ) ಮೈಎಸ್‌ಕ್ಯೂಎಲ್ ಡೇಟಾಬೇಸ್ ತೆರೆಯುತ್ತದೆ, ಬ್ರೌಸರಿನಲ್ಲಿ ಮಾತ್ರ "2002, ನೋ ಸಚ್ ಫೈಲ್ ಆರ್ ಡೈರೆಕ್ಟರಿ" ಬರುತ್ತದೆ, ಸಾಕೆಟ್ ಫೈಲನ್ನು (ಒಂದೇ ಮಷೀನಿನ ಪ್ರೋಗ್ರಾಮುಗಳು ಡೇಟಾಬೇಸ್ ಸರ್ವರಿನ ಜೊತೆ ಮಾತಾಡುವ ದಾರಿ) ಟೆಂಪ್ ಫೋಲ್ಡರಿಗೆ ಸರಿಸಿ 777, ಅಂದರೆ ಎಲ್ಲರಿಗೂ ಎಲ್ಲ ಪರ್ಮಿಷನ್, ಕೊಟ್ಟರೂ ಹೋಗಲಿಲ್ಲ ಅಂದಿರಿ. ನಿಮ್ಮ ಪ್ರಶ್ನೆಯ ಕೆಳಗೆ ಇಬ್ಬರು "ಪರ್ಜ್ ಮಾಡಿ (ಬೇರು ಸಮೇತ ತೆಗೆದು) ಮತ್ತೆ ಹಾಕ್ರಿ" ಅಂದಿದ್ದಾರೆ. ಪರ್ಜ್ ಮಾಡುವಾಗ ಡೇಟಾಬೇಸುಗಳನ್ನೂ ಅಳಿಸಲೇ ಅಂತ ಕೇಳುತ್ತದೆ. ಅವಸರದಲ್ಲಿ ಯೆಸ್ ಒತ್ತಿದರೆ ಈ ಸುಗ್ಗಿಯ ಲಾರಿ ತೂಕವೆಲ್ಲ ಹೋಯಿತು ಅಂತ ತಿಳೀರಿ. ಸಾಕೆಟ್ ಸರಿಸುವ ಈ ತಪ್ಪನ್ನು ನಾನೂ ಮಾಡಿದವನೇ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಟರ್ಮಿನಲ್ಲಿಗೆ ಕಾಣುವ ಫೈಲು ಬ್ರೌಸರಿಗೆ ಯಾಕೆ ಕಾಣುವುದಿಲ್ಲ? ಉಬುಂಟುವಿನಲ್ಲಿ ವೆಬ್ ಸರ್ವರ್ ಅಪಾಚೆಯ ಸಿಸ್ಟಂಡಿ ಫೈಲಿನಲ್ಲಿ (ಸರ್ವಿಸ್ ಶುರು ಮಾಡುವ ಸೆಟ್ಟಿಂಗ್) ಪ್ರೈವೇಟ್‌ಟೆಂಪ್ ಆನ್ ಇರುತ್ತದೆ. ಅಂದರೆ ಅಪಾಚೆಗೆ ತನ್ನದೇ ಬೇರೆ ಟೆಂಪ್ ಫೋಲ್ಡರ್. ನೀವು ಲಾಗಿನ್ ಆಗಿ ನೋಡುವ ಟೆಂಪ್ ಅದಕ್ಕೆ ಕಾಣುವುದೇ ಇಲ್ಲ. ಅಲ್ಲಿ ಸಾಕೆಟ್ ಇಟ್ಟರೂ, ಲಿಂಕ್ ಹಾಕಿದರೂ, ಯಾವ ಪರ್ಮಿಷನ್ ಕೊಟ್ಟರೂ ನಿಮ್ಮ ಬಿಲ್ಲಿಂಗ್ ಕೋಡ್ ನಡೆಸುವ ಪಿಎಚ್‌ಪಿ ಪಾಲಿಗೆ ಆ ಫೈಲ್ ಇಲ್ಲ. ಅದು ಹೇಳುತ್ತಿರುವುದು ಅಕ್ಷರಶಃ ನಿಜ.

ಮಾಡಬೇಕಾದದ್ದು ಇಷ್ಟು. ಮೈಎಸ್‌ಕ್ಯೂಎಲ್‌ಡಿ (ಮೈಎಸ್‌ಕ್ಯೂಎಲ್ ಸರ್ವರ್) ಕನ್ಫಿಗ್‌ನಲ್ಲಿ ನೀವು ಸೇರಿಸಿದ ಸಾಕೆಟ್ ಸಾಲು ತೆಗೀರಿ, ಸರ್ವರ್ ಭಾಗದಲ್ಲೂ ಕ್ಲೈಂಟ್ ಭಾಗದಲ್ಲೂ. ಆಗ ಉಬುಂಟುವಿನ ಡೀಫಾಲ್ಟ್ ಜಾಗಕ್ಕೇ ವಾಪಸ್ ಹೋಗುತ್ತದೆ: /ವಾರ್/ರನ್/ಮೈಎಸ್‌ಕ್ಯೂಎಲ್‌ಡಿ ಒಳಗೆ. ಆಮೇಲೆ ಪಿಎಚ್‌ಪಿಯ ಸೆಟ್ಟಿಂಗ್ ಇರುವ ಐಎನ್‌ಐ ಫೈಲಿನಲ್ಲಿ, ಡೇಟಾಬೇಸಿಗೆ ಸೇರಿಸುವ ಮೈಎಸ್‌ಕ್ಯೂಎಲ್‌ಐ ಮತ್ತು ಪಿಡಿಒ ಎರಡರ ಡೀಫಾಲ್ಟ್ ಸಾಕೆಟ್ ಸಾಲನ್ನೂ ಖಾಲಿ ಬಿಡ್ರಿ. ಹಳೆ ಝಾಂಪ್‌ನ (ಅಪಾಚೆ, ಪಿಎಚ್‌ಪಿ, ಡೇಟಾಬೇಸ್ ಒಟ್ಟಿಗೆ ಬರುವ ಪ್ಯಾಕೇಜ್) ಐಎನ್‌ಐ ಫೈಲನ್ನು ಹಾಗೇ ತಂದು ಹಾಕಿದ್ದರೆ ಆ ಸಾಲಿನಲ್ಲಿ ಹಳೆ ಜಾಗ ಉಳಿದಿರುತ್ತದೆ. ಇನ್ನೊಂದು, ಐಎನ್‌ಐ ಫೈಲುಗಳು ಎರಡು: ಒಂದು ಟರ್ಮಿನಲ್ಲಿನ ಪಿಎಚ್‌ಪಿಗೆ, ಒಂದು ಅಪಾಚೆಗೆ. ಒಂದನ್ನು ತಿದ್ದಿ ಇನ್ನೊಂದರಲ್ಲಿ ಪರೀಕ್ಷೆ ಮಾಡುತ್ತ ರಾತ್ರಿಯೆಲ್ಲ ಕೂರುವವರು ಇದೇ ಗುಂಪಿನಲ್ಲಿ ಇದ್ದಾರೆ. ಮೈಎಸ್‌ಕ್ಯೂಎಲ್, ಅಪಾಚೆ ಎರಡೂ ಸರ್ವಿಸ್ ರೀಸ್ಟಾರ್ಟ್ ಮಾಡ್ರಿ. ಪಿಎಚ್‌ಪಿಯನ್ನು ಬೇರೆ ಸರ್ವಿಸ್ ಆಗಿ ನಡೆಸುವ ಎಫ್‌ಪಿಎಂ ಬಳಸುತ್ತಿದ್ದರೆ ಅದನ್ನೂ.

777ರ ಬಗ್ಗೆ ಬೈಯದೇ ಇರಲು ಆಗುವುದಿಲ್ಲ. ಸಾಕೆಟ್ ಫೈಲಿಗೆ ಮೊದಲೇ ಎಲ್ಲರಿಗೂ ಪರ್ಮಿಷನ್ ಇರುತ್ತದೆ, ನೀವು ಕೊಟ್ಟು ಆದದ್ದು ಏನೂ ಇಲ್ಲ. ಅದೇ 777ನ್ನು ಕನ್ಫಿಗ್ ಫೈಲಿಗೂ ಕೊಟ್ಟಿದ್ದರೆ ಮೈಎಸ್‌ಕ್ಯೂಎಲ್ ಆ ಫೈಲನ್ನು ಓದುವುದೇ ಬಿಡುತ್ತದೆ, ಯಾರು ಬೇಕಾದರೂ ತಿದ್ದಬಹುದಾದ ಕನ್ಫಿಗ್ ಅದಕ್ಕೆ ಬ್ಯಾಡ. ಆಮೇಲೆ ನೀವು ಏನು ಬದಲಾಯಿಸಿದರೂ ಪರಿಣಾಮ ಕಾಣುವುದಿಲ್ಲ. 644 (ಮಾಲೀಕ ಮಾತ್ರ ತಿದ್ದಬಹುದು, ಉಳಿದವರು ಓದಬಹುದು) ಮಾಡ್ರಿ. ಮೈಎಸ್‌ಕ್ಯೂಎಲ್‌ಡಿ ಫೋಲ್ಡರನ್ನು ಕೈಯಿಂದ ಸೃಷ್ಟಿಸುವುದೂ ವ್ಯರ್ಥ. ರನ್ ಫೋಲ್ಡರ್ ಇರುವುದು ಮೆಮೊರಿಯಲ್ಲಿ, ರೀಬೂಟ್ ಆದಾಗ ಖಾಲಿ. ಅದನ್ನು ಪ್ರತಿ ಸಲ ತಯಾರು ಮಾಡುವುದು ಸಿಸ್ಟಂನ ಕೆಲಸ.

ಈಗ ಮೂಲ ವಿಷಯ. ಮೈಎಸ್‌ಕ್ಯೂಎಲ್‌ಗೆ ಲಿನಕ್ಸಿನಲ್ಲಿ "ಲೋಕಲ್‌ಹೋಸ್ಟ್" ಅಂದರೆ ಮಷೀನಿನ ಹೆಸರಲ್ಲ, ಸಾಕೆಟ್ ಮೂಲಕ ಹೋಗು ಅನ್ನುವ ಆಜ್ಞೆ. ಅದೇ ಮಷೀನಿನ ಐಪಿ 127.0.0.1 ಅಂತ ಬರೆದರೆ ಮಾತ್ರ ಟಿಸಿಪಿ, ಅಂದರೆ ನೆಟ್‌ವರ್ಕ್ ದಾರಿ, 3306 ಪೋರ್ಟು. ವಿಂಡೋಸಿನಲ್ಲಿ ಲೋಕಲ್‌ಹೋಸ್ಟ್ ಬರೆದರೂ ಟಿಸಿಪಿಗೇ ಹೋಗುತ್ತದೆ, ಅದಕ್ಕೇ ಅಲ್ಲಿ ನಡೆದ ಅದೇ ಕೋಡು ಇಲ್ಲಿ ನಿಂತಿತು. ನಿಮ್ಮ ಕೋಡಿನಲ್ಲಿ ತಪ್ಪಿಲ್ಲ.

ಇದರಿಂದ ಆಗುವ ದೊಡ್ಡ ಅನಾಹುತ ಬೇರೆಯೇ. ಒಂದೇ ಮಷೀನಿನಲ್ಲಿ ಹಳೆಯ ಸರ್ವರ್ 3306ರಲ್ಲಿ, ಪರೀಕ್ಷೆಯದು 3307ರಲ್ಲಿ ಇಟ್ಟುಕೊಂಡಿರುತ್ತೀರಿ. ಹೋಸ್ಟ್ ಲೋಕಲ್‌ಹೋಸ್ಟ್, ಪೋರ್ಟ್ 3307 ಅಂತ ಕೊಟ್ಟರೆ ಮೈಎಸ್‌ಕ್ಯೂಎಲ್ ಕ್ಲೈಂಟ್ ಪೋರ್ಟನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಸಾಕೆಟ್ ಹಿಡಿದು ಸೀದಾ ಹಳೆಯದಕ್ಕೆ ಹೋಗುತ್ತದೆ, ಎರರೂ ಇಲ್ಲ. ಪರೀಕ್ಷೆ ಅಂದುಕೊಂಡು ಟೇಬಲ್ ಖಾಲಿ ಮಾಡಿದರೆ ಅಸಲಿ ತೂಕದ ಟೇಬಲ್ ಖಾಲಿ. ಎಸ್‌ಎಸ್‌ಎಚ್ ಟನಲ್ (ದೂರದ ಸರ್ವರಿಗೆ ಸುರಕ್ಷಿತ ದಾರಿ) ಹಾಕಿ ಮನೆಯಿಂದ ಕೆಲಸ ಮಾಡುವವರಿಗೂ ಇದೇ ಗಂಡಾಂತರ. ಟನಲ್ಲಿನ ಈ ತುದಿಗೆ ಲೋಕಲ್‌ಹೋಸ್ಟ್ ಬರೆದರೆ ನಿಮ್ಮ ಲಿನಕ್ಸ್ ಲ್ಯಾಪ್‌ಟಾಪಿನದೇ ಡೇಟಾಬೇಸ್ ತೆರೆಯುತ್ತದೆ. ಟನಲ್‌ಗೆ ಯಾವಾಗಲೂ 127.0.0.1 ಬರೀರಿ, ಇಲ್ಲ ಪ್ರೋಟೋಕಾಲ್ ಟಿಸಿಪಿ ಅಂತ ಬಾಯಿಬಿಟ್ಟು ಹೇಳ್ರಿ.

ಏನನ್ನೇ ಮಾಡುವ ಮೊದಲು ಕ್ಲೈಂಟಿನೊಳಗೆ "ಸ್ಟೇಟಸ್" ಅಂತ ಹೊಡೆದು ಕನೆಕ್ಷನ್ ಸಾಲು ಓದ್ರಿ. "ಲೋಕಲ್‌ಹೋಸ್ಟ್ ವಯಾ ಯುನಿಕ್ಸ್ ಸಾಕೆಟ್" ಅಂತಿದ್ದರೆ ಸಾಕೆಟ್, "127.0.0.1 ವಯಾ ಟಿಸಿಪಿ/ಐಪಿ" ಅಂತಿದ್ದರೆ ಟಿಸಿಪಿ. ಈ ಒಂದು ಸಾಲು ಓದದೇ ಯಾರೂ ನನ್ನನ್ನು ಸಮಸ್ಯೆ ಕೇಳಬ್ಯಾಡ್ರಿ ಅಂತ ಹೇಳುವಷ್ಟು ಇದು ಮುಖ್ಯ.

ಟರ್ಮಿನಲ್ಲಿನಲ್ಲಿ 2002 ಬಂದರೆ ಕೊನೆಗೆ ಬ್ರಾಕೆಟ್ಟಿನಲ್ಲಿ ಒಂದು ಅಂಕಿ ಇರುತ್ತದೆ, ಎಲ್ಲರೂ ಅದನ್ನು ಬಿಟ್ಟು ಉಳಿದದ್ದೆಲ್ಲ ಕಾಪಿ ಮಾಡುತ್ತಾರೆ. 2 ಅಂದರೆ ಫೈಲಿಲ್ಲ: ಸರ್ವರ್ ಎದ್ದಿಲ್ಲ, ಇಲ್ಲ ಬೇರೆ ಜಾಗ ಹುಡುಕುತ್ತಿದ್ದೀರಿ. 13 ಅಂದರೆ ಪರ್ಮಿಷನ್, ಫೈಲಿಗಿಂತ ಅದರ ಫೋಲ್ಡರ್ ನೋಡ್ರಿ. 111 ಅಂದರೆ ಫೈಲಿದೆ, ಆ ಕಡೆ ಕೇಳುವವರಿಲ್ಲ: ಸರ್ವರ್ ಸತ್ತು ಫೈಲಷ್ಟೇ ಉಳಿದಿದೆ. ಆಗ ಫೈಲ್ ಅಳಿಸುವುದಕ್ಕಿಂತ ಎರರ್ ಲಾಗ್ ಓದ್ರಿ. ಡಿಸ್ಕ್ ತುಂಬಿದೆಯಾ ಅಂತಲೂ ನೋಡ್ರಿ. ಮೈಎಸ್‌ಕ್ಯೂಎಲ್ 8ರಲ್ಲಿ ಬಿನ್‌ಲಾಗ್ (ಡೇಟಾಬೇಸಿನ ಬದಲಾವಣೆಗಳ ದಾಖಲೆ) ತಾನಾಗಿಯೇ ಆನ್, 30 ದಿನದ್ದು ಇಟ್ಟುಕೊಳ್ಳುತ್ತದೆ, 120 ಜಿಬಿ ಎಸ್‌ಎಸ್‌ಡಿಯಲ್ಲಿ ಅದೇ ಜಾಗ ತಿನ್ನಬಹುದು. ಲಾಗ್ ಫೈಲುಗಳನ್ನು ಕೈಯಿಂದ ಮಾತ್ರ ಅಳಿಸಬ್ಯಾಡ್ರಿ, ಅದಕ್ಕೆ ಪರ್ಜ್ ಬೈನರಿ ಲಾಗ್ಸ್ ಅನ್ನುವ ಕಮಾಂಡೇ ಇದೆ.

"127.0.0.1 ಹಾಕಿದರೆ ಮುಗೀತಲ್ಲ" ಅಂದವರಿಗೆ: ಮುಗಿಯುತ್ತದೆ, ಆದರೆ ಯೂಸರ್ ವಿಷಯ ನೋಡಿಕೊಳ್ರಿ. ಟಿಸಿಪಿಯಲ್ಲಿ ಬಂದ 127.0.0.1ನ್ನು ಸರ್ವರ್ ಲೋಕಲ್‌ಹೋಸ್ಟ್ ಅಂತ ಹೆಸರು ಹುಡುಕಿ ಗುರುತಿಸುತ್ತದೆ. ಸ್ಕಿಪ್ ನೇಮ್ ರಿಸಾಲ್ವ್ ಆನ್ ಇದ್ದರೆ ಆ ಹುಡುಕಾಟ ಇಲ್ಲ, ಲೋಕಲ್‌ಹೋಸ್ಟ್‌ಗೆ ಮಾಡಿದ ಯೂಸರ್‌ಗೆ ಬಾಗಿಲು ಬಂದ್. 127.0.0.1ಕ್ಕೆ ಬೇರೆ ಯೂಸರ್ ಬೇಕು. ರೂಟ್ (ಎಲ್ಲ ಅಧಿಕಾರದ) ಯೂಸರನ್ನಂತೂ ಸಾಫ್ಟ್‌ವೇರಿಗೆ ಕೊಡಲೇಬ್ಯಾಡ್ರಿ. ಉಬುಂಟುವಿನಲ್ಲಿ ರೂಟ್ ಸಾಕೆಟ್ ಮೂಲಕ, ಅದೂ ಸುಡೋ (ಅಡ್ಮಿನ್ ಅಧಿಕಾರ) ಇದ್ದವರಿಗೆ ಮಾತ್ರ ತೆರೆಯುತ್ತದೆ, ಪಿಎಚ್‌ಪಿಯಿಂದ ಹೋದರೆ 1698 ಎರರ್, ಪ್ರವೇಶವಿಲ್ಲ. ಅದನ್ನು ಪಾಸ್‌ವರ್ಡಿಗೆ ಬದಲಾಯಿಸುವ ಸಲಹೆ ಎಲ್ಲ ಕಡೆ ಸಿಗುತ್ತದೆ, ಕೇಳಬ್ಯಾಡ್ರಿ. ಬೇರೆ ಯೂಸರ್ ಮಾಡಿ, ಆ ಒಂದು ಡೇಟಾಬೇಸಿಗಷ್ಟೇ ಗ್ರಾಂಟ್ (ಅನುಮತಿ) ಕೊಡ್ರಿ.

ನನ್ನ ಅಭಿಪ್ರಾಯದಲ್ಲಿ ವೆಬ್ಬೂ ಡೇಟಾಬೇಸೂ ಒಂದೇ ಮಷೀನಿನಲ್ಲಿದ್ದರೆ ಸಾಕೆಟ್ಟೇ ಸರಿ. ವೇಗಕ್ಕಲ್ಲ, ಕಾಟಾ ಬಿಲ್ಲಿಗೆ ಆ ವೇಗದ ವ್ಯತ್ಯಾಸ ಗೊತ್ತೂ ಆಗುವುದಿಲ್ಲ. ನೆಟ್‌ವರ್ಕ್ ಏನಾದರೂ ಆಗಲಿ, ಆಫೀಸಿನ ಬಿಲ್ಲು ನಿಲ್ಲುವುದಿಲ್ಲ, ಅದಕ್ಕೆ. ಝಾಂಪ್ ಕಲಿಯಲು ಚೆನ್ನ, ಮಿಲ್ಲಿನ ಸರ್ವರಿಗೆ ಬ್ಯಾಡ: ಲಿನಕ್ಸಿನಲ್ಲಿ ಅದು ತನ್ನ ಸಾಕೆಟ್ಟನ್ನು ಆಪ್ಟ್ ಫೋಲ್ಡರಿನೊಳಗೆ ತನ್ನ ಜಾಗದಲ್ಲೇ ಇಡುತ್ತದೆ, ಉಬುಂಟುವಿನ ಕ್ಲೈಂಟ್ ಹುಡುಕುವುದು ಬೇರೆ ಕಡೆ.

ಗೇಟಿನ ಕಾಟಾ ಪಿಸಿ ಮಾತ್ರ ಸಾಕೆಟ್‌ನಿಂದ ಬರಲಾರದು, ಅದಕ್ಕೆ ಐಪಿ ಬೇಕು. ಇಲ್ಲೊಂದು ಬಲೆ. ಬೈಂಡ್ ಅಡ್ರೆಸ್ಸನ್ನು (ಸರ್ವರ್ ಯಾವ ಐಪಿಯಲ್ಲಿ ಕೇಳಬೇಕು ಅನ್ನುವ ಸಾಲು) 127.0.0.1ರಿಂದ ಮಿಲ್ಲಿನೊಳಗಿನ ಐಪಿ 192.168.1.10ಕ್ಕೆ ಬದಲಾಯಿಸಿದ ಕೂಡಲೇ ಕಾಟಾ ಪಿಸಿ ಬರುತ್ತದೆ, ಸರ್ವರಿನಲ್ಲೇ 127.0.0.1 ಬಳಸುವ ಪ್ರೋಗ್ರಾಮುಗಳು ನಿಲ್ಲುತ್ತವೆ, ಸಾಕೆಟ್ ಬಳಸುವವು ನಡೆಯುತ್ತವೆ. ಮೈಎಸ್‌ಕ್ಯೂಎಲ್ 8.0.13ರಿಂದ ಎರಡನ್ನೂ ಕಾಮಾ ಹಾಕಿ ಬರೆಯಬಹುದು, ಹಾಗೆ ಬರೀರಿ. ಸರ್ವರಿನ ಐಪಿ ಸ್ಟ್ಯಾಟಿಕ್ (ಸರ್ವರಿನಲ್ಲೇ ಕಾಯಂ ಬರೆದದ್ದು) ಇರಲಿ. ಕರೆಂಟ್ ಹೋಗಿ ಬಂದಾಗ ರೌಟರ್ ಏಳುವ ಮೊದಲೇ ಸರ್ವರ್ ಎದ್ದರೆ, ರೌಟರ್ ಕೊಡಬೇಕಾದ ಐಪಿ ಇನ್ನೂ ಬಂದಿರುವುದಿಲ್ಲ, ಮೈಎಸ್‌ಕ್ಯೂಎಲ್ "ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್" ಅಂದು ಮಲಗುತ್ತದೆ. ಆಗ ಸಾಕೆಟ್ಟೂ ಇಲ್ಲ, ಮತ್ತೆ 2002. ರೌಟರನ್ನೂ ಸ್ವಿಚ್ಚನ್ನೂ ಅದೇ ಯುಪಿಎಸ್‌ಗೆ ಹಾಕ್ರಿ. ಹೊಟ್ಟಿನ ಧೂಳು ಬೀಳದ ಜಾಗದಲ್ಲಿಡ್ರಿ, ಏಪ್ರಿಲ್ ಬಿಸಿಲಿಗೆ ಶೀಟಿನ ಕೆಳಗೆ ಅವು ಬಾಳುವುದಿಲ್ಲ.

ಕಾಟಾ ಯೂಸರನ್ನು ಶೇಕಡಾ ಚಿಹ್ನೆಯೊಂದಕ್ಕೇ ಬಿಟ್ಟು ಲೋಕಕ್ಕೆಲ್ಲ ತೆರೆಯಬ್ಯಾಡ್ರಿ, 192.168.1.% ಅಂತ ಕಟ್ಟಿ ಹಾಕ್ರಿ. ರೌಟರಿನಲ್ಲಿ 3306 ಫಾರ್ವರ್ಡ್ ಮಾಡುವುದಂತೂ ಬ್ಯಾಡವೇ ಬ್ಯಾಡ. ಇಂಟರ್‌ನೆಟ್ ಇಲ್ಲದ ದಿನ ಕಾಟಾ ಪಿಸಿಯ ಮೊದಲ ಲಾಗಿನ್ ತಡವಾದರೆ ಸರ್ವರ್ ಆ ಐಪಿಯ ಹೆಸರನ್ನು ಡಿಎನ್‌ಎಸ್‌ನಲ್ಲಿ ಹುಡುಕುತ್ತ ಕೂತಿದೆ ಅಂತ ಅರ್ಥ. ಅಲ್ಲಿ ಸ್ಕಿಪ್ ನೇಮ್ ರಿಸಾಲ್ವ್ ಹಾಕ್ರಿ, ಮೇಲೆ ಹೇಳಿದ ಯೂಸರ್ ವಿಷಯ ನೆನಪಿಟ್ಟು.

ರಾಯಚೂರಿನ ಜಿನ್ನಿಂಗ್ ಮಿಲ್ಲಿಗೆ ಪೋಸ್ಟ್‌ಗ್ರೆಸ್ (ಇನ್ನೊಂದು ಡೇಟಾಬೇಸ್) ಹಾಕಿ "ಪಿಯರ್ ಅಥೆಂಟಿಕೇಷನ್ ಫೇಲ್ಡ್" ಅಂತ ಕೇಳಿದವರಿಗೂ ಇಲ್ಲೇ ಹೇಳುತ್ತೇನೆ: ಅಲ್ಲಿ ಲೆಕ್ಕ ಉಲ್ಟಾ. ಲೋಕಲ್‌ಹೋಸ್ಟ್ ಬರೆದರೆ ಟಿಸಿಪಿ, ಹೋಸ್ಟ್ ಬರೆಯದೇ ಬಿಟ್ಟರೆ ಸಾಕೆಟ್. ಸಾಕೆಟ್ಟಿನಲ್ಲಿ ಪಾಸ್‌ವರ್ಡ್ ಕೇಳುವುದಿಲ್ಲ, ಲಿನಕ್ಸ್ ಯೂಸರ್ ಹೆಸರೂ ಡೇಟಾಬೇಸ್ ಯೂಸರ್ ಹೆಸರೂ ಒಂದೇ ಇದೆಯಾ ಅಂತ ನೋಡುತ್ತದೆ. ಹೋಸ್ಟ್ ಜಾಗದಲ್ಲಿ ಲೋಕಲ್‌ಹೋಸ್ಟ್ ಬರೀರಿ, ಪಾಸ್‌ವರ್ಡ್ ಕೇಳುತ್ತದೆ. ಯಾರು ಹೇಗೆ ಒಳಬರಬೇಕು ಅನ್ನುವ ಎಚ್‌ಬಿಎ ಫೈಲಿನಲ್ಲಿ ಟ್ರಸ್ಟ್ (ಪಾಸ್‌ವರ್ಡ್ ಇಲ್ಲದೇ ಬಿಡು) ಅಂತ ಮಾತ್ರ ಬರೆಯಬ್ಯಾಡ್ರಿ.

ಅಣ್ಣಾರೇ, ಇದಿಷ್ಟು ಮಾಡಿ ಆ ಸ್ಟೇಟಸ್ ಸಾಲನ್ನು ಇಲ್ಲಿ ಹಾಕ್ರಿ. ಮತ್ತೆ ನಿಮ್ಮ ಎರಡನೇ ಸ್ಕ್ರೀನ್‌ಶಾಟಿನಲ್ಲಿ ಪಾಸ್‌ವರ್ಡ್ ಪೂರ್ತಿ ಕಾಣುತ್ತಿದೆ, ಈಗಲೇ ತೆಗೆದು ಪಾಸ್‌ವರ್ಡ್ ಬದಲಾಯಿಸ್ರಿ.